ನಿಮಗಿದು ಗೊತ್ತೇ? ಎರೆಹೊಲದವರು ಕೇಳಬೇಕಾದ ಯೇಸುವಿನ ಕಥೆಗಳು

ಬೀಜ, ಕಳೆ, ಕೂಲಿ, ಸಾಲ, ಆಸ್ತಿಯ ಪಾಲು, ಕಳೆದುಹೋದ ಕುರಿ, ಮನೆಯ ಪಾಯ. ಯೇಸು ಹೇಳಿದ ಸಾಮ್ಯಗಳಲ್ಲಿ, ಅಂದರೆ ಹೋಲಿಕೆಯ ಕಥೆಗಳಲ್ಲಿ, ಬರುವುದೆಲ್ಲ ನಮ್ಮ ವಿಜಯಪುರ ಜಿಲ್ಲೆಯ ಗೊಳಸಂಗಿಯಂಥ ಊರಿನ ಕಟ್ಟೆಯ ಮೇಲೆ ದಿನವೂ ಕೇಳಿಬರುವ ಮಾತೇ. ಅವುಗಳನ್ನು ಮೊದಲು ಕೇಳಿದವರೂ ಹೊಲ ಉಳುವವರು, ಮೀನು ಹಿಡಿಯುವವರು, ದಿನಗೂಲಿಯವರು. ಹಾಗಾಗಿ ದೊಡ್ಡ ವ್ಯಾಖ್ಯಾನಗಳಿಗಿಂತ ಚೆನ್ನಾಗಿ ಈ ಕಥೆಗಳ ಮೊನಚು ನಮ್ಮ ರೈತರಿಗೆ ತಾಗುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ. ಓದಿ ನೋಡಿ.

● ಸಾಮ್ಯಗಳು ಒಟ್ಟು ಎಷ್ಟು? ಒಬ್ಬರು 30 ಎನ್ನುತ್ತಾರೆ, ಇನ್ನೊಬ್ಬರು 60ರವರೆಗೂ ಹೋಗುತ್ತಾರೆ. ಒಂದು ಸಾಲಿನ ಹೋಲಿಕೆಯನ್ನೂ ಕಥೆಯೆಂದು ಎಣಿಸುವುದೋ ಬಿಡುವುದೋ ಎಂಬುದರ ಮೇಲೆ ಲೆಕ್ಕ ನಿಂತಿದೆ. ಇವೆಲ್ಲ ಸಿಗುವುದು ಮತ್ತಾಯ, ಮಾರ್ಕ, ಲೂಕರ ಸುವಾರ್ತೆಗಳಲ್ಲಿ. ನಾಲ್ಕನೆಯದಾದ ಯೋಹಾನನ ಸುವಾರ್ತೆಯಲ್ಲಿ ಈ ಬಗೆಯ ಕಥೆಗಳಿಲ್ಲ.

● ಯೇಸು ಹೆಚ್ಚು ಕಾಲ ಓಡಾಡಿದ ಕಪೆರ್ನೌಮ್ ಊರಿನ ಮನೆಗಳು ಕರಿಕಲ್ಲಿನವು. ಅದು ಬಸಾಲ್ಟ್, ಅಂದರೆ ಜ್ವಾಲಾಮುಖಿಯ ಕಲ್ಲು. ವಿಜಯಪುರದ ಗೋಲಗುಮ್ಮಟ ಕಟ್ಟಿದ್ದೂ ಬಸಾಲ್ಟ್‌ನಿಂದಲೇ. ನಮ್ಮ ಜಿಲ್ಲೆಯ ಎರೆಮಣ್ಣು ಹುಟ್ಟಿದ್ದು ಅದೇ ಜಾತಿಯ ಕಲ್ಲು ಸವೆದು.

● ಬಿತ್ತುವವನ ಕಥೆ ಎಲ್ಲರಿಗೂ ಗೊತ್ತು. ಒಬ್ಬ ಬಿತ್ತಲು ಹೊರಟ. ಕೆಲವು ಬೀಜ ದಾರಿಯಲ್ಲಿ ಬಿದ್ದವು, ಹಕ್ಕಿ ತಿಂದವು. ಕೆಲವು ಕಲ್ಲುನೆಲದಲ್ಲಿ ಬಿದ್ದು ಮೊಳೆತು ಒಣಗಿದವು. ಕೆಲವು ಮುಳ್ಳಿನ ನಡುವೆ ಬಿದ್ದು ಉಸಿರುಗಟ್ಟಿದವು. ಒಳ್ಳೆಯ ನೆಲದಲ್ಲಿ ಬಿದ್ದವು ಮೂವತ್ತು, ಅರವತ್ತು, ನೂರರಷ್ಟು ಕೊಟ್ಟವು. ಕೂರಿಗೆಯಲ್ಲಿ ಬಿತ್ತುವ ನಮ್ಮ ರೈತನಿಗೆ ಇಲ್ಲಿ ಒಂದು ಪ್ರಶ್ನೆ ಏಳಲೇಬೇಕು: ದಾರಿಯ ಮೇಲೆ ಬೀಜ ಚೆಲ್ಲುವ ಒಕ್ಕಲಿಗ ಎಲ್ಲಾದರೂ ಇರುತ್ತಾನೆಯೇ? ಉತ್ತರ ಸರಳ. ಪ್ಯಾಲೆಸ್ತೀನಿನಲ್ಲಿ ಬೀಜವನ್ನು ಕೈಯಿಂದ ಎರಚುತ್ತಿದ್ದರು. ಮೊದಲು ಎರಚಿ, ಆಮೇಲೆ ನೇಗಿಲು ಹೊಡೆಯುವ ರೂಢಿಯೂ ಇತ್ತು. ಹೊಲದ ನಡುವೆ ಜನ ತುಳಿದು ಆದ ಕಾಲುದಾರಿಯ ಮೇಲೂ ಬೀಜ ಬೀಳುತ್ತಿತ್ತು. ಅಂದರೆ ಅವನು ದಡ್ಡನಲ್ಲ, ಅವನ ಕಾಲದ ಒಳ್ಳೆಯ ಒಕ್ಕಲಿಗನೇ.

ಇನ್ನೊಂದು ಮಾತು. ಜೋಳ ಬೆಳೆಯುವವರಿಗೆ ನೂರರಷ್ಟು ಎಂದರೆ ದೊಡ್ಡದೆನಿಸುವುದಿಲ್ಲ, ಒಂದೇ ತೆನೆಯಲ್ಲಿ ನೂರಾರು ಕಾಳಿರುತ್ತವೆ. ಆದರೆ ಆ ಕಾಲದ ಗೋದಿ ಹೊಲದಲ್ಲಿ ಒಂದು ಚೀಲ ಬಿತ್ತಿ ಹತ್ತು ಚೀಲ ತೆಗೆದರೆ ಅದೇ ಸುಗ್ಗಿ. ನೂರು ಎಂದಾಗ ಕೇಳುಗರು ಕಣ್ಣರಳಿಸಿರಬೇಕು. ಕಥೆಯ ತೂಕವಿರುವುದು ಹಾಳಾದ ಬೀಜದಲ್ಲಲ್ಲ, ಅಷ್ಟು ಹಾಳಾದರೂ ಕೊನೆಗೆ ಬಂದ ರಾಶಿಯಲ್ಲಿ.

● ಮಾರ್ಕನಲ್ಲಿ ಮಾತ್ರ ಸಿಗುವ ಪುಟ್ಟ ಸಾಮ್ಯವೊಂದಿದೆ, ಪ್ರವಚನಗಳಲ್ಲಿ ಅದರ ಸುದ್ದಿ ಬರುವುದು ಕಡಿಮೆ. ರೈತ ಬಿತ್ತುತ್ತಾನೆ, ರಾತ್ರಿ ಮಲಗುತ್ತಾನೆ, ಬೆಳಿಗ್ಗೆ ಏಳುತ್ತಾನೆ. ಬೀಜ ತಾನಾಗಿ ಮೊಳೆತು ಬೆಳೆಯುತ್ತದೆ, ಹೇಗೆಂದು ಅವನಿಗೆ ತಿಳಿಯದು. ಮೊದಲು ಗರಿ, ಆಮೇಲೆ ತೆನೆ, ಆಮೇಲೆ ತೆನೆ ತುಂಬ ಕಾಳು. ಹಿಂಗಾರಿ ಜೋಳ ಬಿತ್ತಿ, ಮಳೆ ನಿಂತ ಮೇಲೂ ಎರೆಯೊಳಗಿನ ಹಸಿಯನ್ನೇ ನಂಬಿ ಕಾಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನನಗಂತೂ ಎಲ್ಲ ಸಾಮ್ಯಗಳಲ್ಲಿ ಇದೇ ಹೆಚ್ಚು ಪ್ರಿಯ.

● ಇನ್ನೊಂದು ಕಥೆಯಲ್ಲಿ ಗೋದಿಯ ನಡುವೆ ವೈರಿ ರಾತ್ರೋರಾತ್ರಿ ಬಿತ್ತಿ ಹೋದ ಕಳೆಗೆ ಕನ್ನಡ ಬೈಬಲಿನಲ್ಲಿ ‘ಹಣಜಿ’ ಎಂದಿದೆ. ಈ ಕಳೆ ತೆನೆ ಬಿಡುವವರೆಗೂ ಥೇಟ್ ಗೋದಿಯಂತೆಯೇ ಕಾಣುತ್ತದೆ. ಅದರ ಕಾಳು ಹಿಟ್ಟಿಗೆ ಬೆರೆತರೆ ತಲೆಸುತ್ತು, ವಾಂತಿ. ಆಳುಗಳು ಕಿತ್ತುಹಾಕುತ್ತೇವೆ ಎಂದಾಗ ಯಜಮಾನ ಬೇಡವೆಂದ, ಕಳೆಯ ಜೊತೆ ಗೋದಿಯೂ ಬೇರುಸಹಿತ ಬಂದೀತು ಎಂದು. ಎಡೆಕುಂಟೆ ಹೊಡೆದು ಸಾಲು ಸ್ವಚ್ಛ ಇಡುವ ನಮ್ಮವರಿಗೆ ಈ ನಿರ್ಧಾರ ವಿಚಿತ್ರ ಎನಿಸಬಹುದು, ಆದರೆ ಎರಚಿ ಬಿತ್ತಿದ ಹೊಲದಲ್ಲಿ ಸಾಲೇ ಇರುವುದಿಲ್ಲ. ಯಾರು ಒಳ್ಳೆಯವರು, ಯಾರು ಕೆಟ್ಟವರು ಎಂದು ನಾವು ಅವಸರದಿಂದ ಬೇರ್ಪಡಿಸಹೋದರೆ ಒಳ್ಳೆಯವರಿಗೂ ಪೆಟ್ಟಾಗುತ್ತದೆ ಎಂಬುದು ಇದರ ಅರ್ಥ. ಬಿತ್ತುವವನ ಕಥೆಗೂ ಹಣಜಿಯ ಕಥೆಗೂ ಮಾತ್ರ ಯೇಸುವೇ ಪಾತ್ರ ಪಾತ್ರವನ್ನೂ ಬಿಡಿಸಿ ಅರ್ಥ ಹೇಳಿದ್ದಾನೆ. ಉಳಿದವುಗಳಲ್ಲಿ ಹೆಚ್ಚಿನವನ್ನು ಕೇಳುವವರ ವಿವೇಕಕ್ಕೇ ಬಿಟ್ಟಿದ್ದಾನೆ.

● ಹಿಟ್ಟಿಗೆ ಹುಳಿ ಬೆರೆಸಿದ ಹೆಂಗಸಿನ ಕಥೆಯೊಂದಿದೆ. ಅವಳು ಕಲಸಿದ ಹಿಟ್ಟು ಮನೆಯವರಿಗಷ್ಟೇ ಅಲ್ಲ, ಸುಮಾರು ನೂರು ಜನರಿಗೆ ರೊಟ್ಟಿಯಾಗುವಷ್ಟು!

● ಬಂಡೆಯ ಮೇಲೆ ಜಾಣ ಕಟ್ಟಿದ ಮನೆ, ಮರಳಿನ ಮೇಲೆ ದಡ್ಡ ಕಟ್ಟಿದ ಮನೆ. ಲೂಕ ಇದಕ್ಕೆ ಒಂದು ವಿವರ ಸೇರಿಸುತ್ತಾನೆ: ಜಾಣ ಆಳವಾಗಿ ಅಗೆದು ಪಾಯ ಹಾಕಿದ. ಎರೆನೆಲದಲ್ಲಿ ಮನೆ ಕಟ್ಟಿದವರೆಲ್ಲ ಇದಕ್ಕೆ ತಲೆದೂಗುತ್ತಾರೆ. ಮಳೆಗೆ ಉಬ್ಬಿ, ಬೇಸಿಗೆಗೆ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುವ ಮಣ್ಣು ಇದು. ಕೆಳಗಿನ ಗಟ್ಟಿ ಗರಸು ಸಿಗುವವರೆಗೆ ಅಗೆಯದಿದ್ದರೆ ಗೋಡೆ ಸೀಳುತ್ತದೆ. ಕೇಳಿದ್ದನ್ನು ನಡೆಸುವವನೇ ಆ ಜಾಣ ಎಂದು ಯೇಸುವಿನ ಮಾತು.

● ಹುಚ್ಚು ಶ್ರೀಮಂತನ ಕಥೆ ಓದುವಾಗ ನನಗೆ ನೆನಪಾಗುವುದು ನಮ್ಮ ಹಗೇವು. ಅವನ ಹೊಲ ಚೆನ್ನಾಗಿ ಬೆಳೆಯಿತು. ಇದ್ದ ಕಣಜ ಸಾಲದೆ, ಅವನ್ನು ಕೆಡವಿ ದೊಡ್ಡವು ಕಟ್ಟುತ್ತೇನೆ, ಇನ್ನು ಉಂಡು ಕುಡಿದು ಸುಖವಾಗಿರುತ್ತೇನೆ ಎಂದುಕೊಂಡ. ಅದೇ ರಾತ್ರಿ ಅವನ ಪ್ರಾಣ ಹೋಯಿತು. ಉತ್ತರ ಕರ್ನಾಟಕದ ಹಳೆಯ ಮನೆಗಳಲ್ಲಿ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ಇಡುತ್ತಿದ್ದರು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಡಲು ಅಗಲ. ತಳಕ್ಕೂ ಸುತ್ತಲೂ ಹುಲ್ಲು ಹಾಸಿ, ಕಾಳು ತುಂಬಿ, ಕಲ್ಲು ಮುಚ್ಚಿ, ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಹುಳು ಬೀಳುತ್ತಿರಲಿಲ್ಲ. ಕಾಳೂ ಉಸಿರಾಡುತ್ತದೆ. ಮುಚ್ಚಿದ ಹಗೇವಿನಲ್ಲಿ ಆಮ್ಲಜನಕ ತೀರಿ ಇಂಗಾಲದ ಡೈಆಕ್ಸೈಡ್ ತುಂಬುತ್ತದೆ, ಹುಳು ಸಾಯುವುದು ಅದರಿಂದಲೇ. ಬಾಯಿ ತೆರೆದ ಕೂಡಲೇ ಇಳಿದರೆ ಮನುಷ್ಯನೂ ಸಾಯುತ್ತಾನೆ. ಅದಕ್ಕೇ ತಿಳಿದವರು ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಕೂಡಿಟ್ಟ ಕಾಳು ಜೀವ ತೆಗೆಯಬಲ್ಲದು ಎಂಬುದನ್ನು ಕಣ್ಣಾರೆ ಕಂಡ ಸೀಮೆ ನಮ್ಮದು. ಕಥೆಯಲ್ಲಿ ಇನ್ನೊಂದನ್ನು ಗಮನಿಸಿ: ಆ ಶ್ರೀಮಂತನ ಮಾತಿನ ತುಂಬ ‘ನಾನು’, ‘ನನ್ನ’. ಬೇರೆ ಒಬ್ಬ ಮನುಷ್ಯನ ಸುಳಿವೂ ಇಲ್ಲ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಿ, ಹತ್ತು ಜನರನ್ನು ಕರೆದು ಉಣಿಸುವವರಿಗೆ ಅವನ ದಡ್ಡತನ ಎಲ್ಲಿದೆಯೆಂದು ತಟ್ಟನೆ ಹೊಳೆಯುತ್ತದೆ.

● ದ್ರಾಕ್ಷಿತೋಟದ ಕೂಲಿಗಳ ಕಥೆಯಿಂದ ‘ಸರ್ವೋದಯ’ ಹುಟ್ಟಿತು ಎಂದರೆ ನಂಬುತ್ತೀರಾ? ತೋಟದ ಯಜಮಾನ ನಸುಕಿನಲ್ಲೇ ಆಳುಗಳನ್ನು ಕರೆದ, ದಿನಕ್ಕೆ ಒಂದು ದಿನಾರಿ ಎಂದು ಮಾತಾಯಿತು. ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಮತ್ತೆ ಕೆಲವರನ್ನು ಕರೆದ. ಸಂಜೆ ಐದಕ್ಕೂ ಸಂತೆಯಲ್ಲಿ ಕೆಲವರು ಸುಮ್ಮನೆ ನಿಂತಿದ್ದರು. ಯಾಕೆ ಎಂದರೆ, ನಮ್ಮನ್ನು ಯಾರೂ ಕರೆಯಲಿಲ್ಲ ಎಂದರು. ಅವರನ್ನೂ ಕಳಿಸಿದ. ಹೊತ್ತು ಮುಳುಗಿದ ಮೇಲೆ ಎಲ್ಲರಿಗೂ ಕೊಟ್ಟದ್ದು ಅದೇ ಒಂದು ದಿನಾರಿ! ಬೆಳಗಿನಿಂದ ಬಿಸಿಲಲ್ಲಿ ಬೆಂದವರು ಗೊಣಗಿದರು. ವಿಜಯಪುರ ಜಿಲ್ಲೆಯ ದ್ರಾಕ್ಷಿ ತೋಟಗಳಲ್ಲಿ ಅಕ್ಟೋಬರ್ ಚಾಟನಿ, ಬೇಸಿಗೆಯ ಹೊಸ್ತಿಲಲ್ಲಿ ಕೊಯ್ಲು ಕಂಡವರಿಗೆ ಒಂದೇ ದಿನ ಮೇಲಿಂದ ಮೇಲೆ ಆಳು ಹುಡುಕುವ ಗಡಿಬಿಡಿ ಹೊಸದಲ್ಲ. ಹಣ್ಣು ಕಾಯುವುದಿಲ್ಲ, ಅಕಾಲದ ಮಳೆ ಹೇಳಿ ಬರುವುದಿಲ್ಲ.

ದಿನಾರಿ ಎಂದರೆ ಒಂದು ಸಂಸಾರದ ಒಂದು ದಿನದ ಊಟ. ಕೊನೆಗೆ ಬಂದವನಿಗೆ ತಾಸಿನ ಲೆಕ್ಕ ಹಿಡಿದು ಕೊಟ್ಟಿದ್ದರೆ ಅವನ ಮಕ್ಕಳು ಅಂದು ಉಪವಾಸ. ಈ ಕಥೆಯ ಕಡೆಯ ಭಾಗದಿಂದಲೇ ಇಂಗ್ಲಿಷ್ ಲೇಖಕ ಜಾನ್ ರಸ್ಕಿನ್ ತನ್ನ ‘ಅನ್ ಟು ದಿಸ್ ಲಾಸ್ಟ್’ ಪುಸ್ತಕದ ಹೆಸರು ತೆಗೆದುಕೊಂಡ. ಅದರಲ್ಲಿನ ಲೇಖನಗಳು ಮೊದಲು ಬಂದದ್ದು 1860ರಲ್ಲಿ. 1904ರಲ್ಲಿ ಜೊಹಾನ್ಸ್‌ಬರ್ಗ್‌ನಿಂದ ಡರ್ಬನ್ನಿಗೆ ರೈಲಿನಲ್ಲಿ ಹೊರಟ ಗಾಂಧೀಜಿ ಅದನ್ನು ಕೈಗೆತ್ತಿಕೊಂಡವರು ಮುಗಿಸುವವರೆಗೆ ಕೆಳಗಿಡಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲವೆಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. 1908ರಲ್ಲಿ ಅದರ ಸಾರವನ್ನು ಗುಜರಾತಿಗೆ ತಂದು ‘ಸರ್ವೋದಯ’ ಎಂದು ಹೆಸರಿಟ್ಟರು. ವಕೀಲನ ಕೆಲಸಕ್ಕೂ ಕ್ಷೌರಿಕನ ಕೆಲಸಕ್ಕೂ ಬೆಲೆ ಒಂದೇ ಎಂಬುದು ಅವರು ಅದರಿಂದ ಕಲಿತ ಪಾಠಗಳಲ್ಲಿ ಒಂದು. ಕಾಯಕದಲ್ಲಿ ಮೇಲು ಕೀಳಿಲ್ಲ ಎಂದ ಬಸವಣ್ಣನ ಬಾಗೇವಾಡಿಯ ನೆರೆಯಲ್ಲಿರುವ ನಮಗೆ ಈ ಪಾಠ ಪರಕೀಯವಲ್ಲ.

● ಕ್ಷಮಿಸದ ಆಳಿನ ಕಥೆಯಲ್ಲಿ ಅರಸ ಆ ಆಳಿಗೆ ಮಾಫ್ ಮಾಡಿದ ಸಾಲ 10,000 ತಲಾಂತು. ಒಂದು ತಲಾಂತಿಗೆ 6,000 ದಿನಾರಿ, ಅಲ್ಲಿಗೆ ಒಟ್ಟು ಆರು ಕೋಟಿ ದಿನದ ಕೂಲಿ. ಹೊರಗೆ ಬಂದು ಅವನು ಜೊತೆಯವನ ಕುತ್ತಿಗೆ ಹಿಡಿದದ್ದು ಬರೀ 100 ದಿನಾರಿಗೆ. ಆರು ಲಕ್ಷ ಪಟ್ಟು ವ್ಯತ್ಯಾಸ!

● ಲೂಕನ 15ನೇ ಅಧ್ಯಾಯದಲ್ಲಿ ಕಳೆದುಹೋಗುವುದು ಮೂರು: ನೂರರಲ್ಲಿ ಒಂದು ಕುರಿ, ಹತ್ತರಲ್ಲಿ ಒಂದು ನಾಣ್ಯ, ಇಬ್ಬರಲ್ಲಿ ಒಬ್ಬ ಮಗ.

● ಆ ಮಗನ ಕಥೆ, ಅಂದರೆ ‘ದುಂದುಗಾರ ಮಗ’, ಕನ್ನಡಿಗರಿಗೆ ಪೂರ್ತಿ ತಾಗದಿರಲು ಒಂದು ಕಾರಣವಿದೆ. ಕಿರಿಯವನು ತಂದೆ ಬದುಕಿರುವಾಗಲೇ ಪಾಲು ಕೇಳುತ್ತಾನೆ. ನಮ್ಮಲ್ಲಿ ಅದು ಮನಸ್ಸಿಗೆ ನೋವಿನ ಮಾತಾದರೂ ಕಾನೂನಿಗೆ ಹೊಸದಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂದದ್ದು ‘ಮಿತಾಕ್ಷರ’. ಅದನ್ನು ಬರೆದ ವಿಜ್ಞಾನೇಶ್ವರ ನಮ್ಮ ಕಲ್ಯಾಣದ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ಕಾಲದವನು. ಯೆಹೂದ್ಯರಲ್ಲಿ ಹಾಗಲ್ಲ, ಆಸ್ತಿ ಕೈ ಬದಲಿಸುವುದು ತಂದೆ ಸತ್ತ ಮೇಲೆ. ಈಗಲೇ ಕೊಡು ಎಂದರೆ ನೀನು ಸತ್ತಂತೆಯೇ ಎಂದ ಹಾಗೆ. ಹಿರಿಯನಿಗೆ ಎರಡು ಪಾಲಿನ ನಿಯಮವಿದ್ದುದರಿಂದ ಕಿರಿಯವನಿಗೆ ಬಂದದ್ದು ಮೂರನೆಯ ಒಂದು ಭಾಗ. ಅದನ್ನು ಕರಗಿಸಿ, ಬರಗಾಲದಲ್ಲಿ ಹಂದಿ ಕಾಯುವ ಕೆಲಸಕ್ಕೆ ಬಿದ್ದ. ಹಂದಿಯನ್ನು ಅಶುದ್ಧವೆಂದು ದೂರ ಇಡುವ ಮನೆಯ ಹುಡುಗ! ಹಂದಿಗೆ ಹಾಕುವ ಕಾಯಿ ಸಿಕ್ಕರೂ ಸಾಕೆನಿಸಿತು.

ಮರಳಿ ಬಂದಾಗ ದೂರದಿಂದಲೇ ಕಂಡ ತಂದೆ ಓಡಿಬಂದ. ಮಾನಸ್ಥ ಹಿರಿಯರು ಬೀದಿಯಲ್ಲಿ ಓಡುವುದು ಆ ನಾಡಿನಲ್ಲಿ ಶೋಭೆಯಲ್ಲ. ಊರವರು ಹುಡುಗನನ್ನು ಹೀಯಾಳಿಸುವ ಮೊದಲೇ ತಾನು ತಲುಪಬೇಕೆಂದು ಓಡಿದ ಎಂದು ಕೆಲವು ವಿದ್ವಾಂಸರು ಅರ್ಥ ಹೇಳುತ್ತಾರೆ, ನನಗೆ ಅದು ಸರಿ ಎನಿಸುತ್ತದೆ. ಇಡೀ ಹೊತ್ತು ಹೊಲದಲ್ಲಿ ದುಡಿದ ಅಣ್ಣ ಸಿಟ್ಟಾಗಿ ಮನೆಯ ಹೊರಗೇ ನಿಲ್ಲುತ್ತಾನೆ. ‘ನಿನ್ನ ಈ ಮಗ’ ಎನ್ನುತ್ತಾನೆಯೇ ಹೊರತು ‘ನನ್ನ ತಮ್ಮ’ ಎನ್ನುವುದಿಲ್ಲ. ತಂದೆ ಅವನನ್ನೂ ಕರೆಯಲು ಹೊರಗೆ ಬರುತ್ತಾನೆ. ಅವನು ಒಳಗೆ ಹೋದನೋ ಇಲ್ಲವೋ, ಲೂಕ ಹೇಳುವುದೇ ಇಲ್ಲ.

● ಸಾಮ್ಯಗಳ ಪಾತ್ರಗಳಲ್ಲಿ, ಅದೇ ಕಥೆಯ ಅಬ್ರಹಾಮನನ್ನು ಬಿಟ್ಟರೆ, ಹೆಸರಿರುವುದು ಒಬ್ಬನಿಗೇ, ಶ್ರೀಮಂತನ ಬಾಗಿಲಲ್ಲಿ ಹುಣ್ಣು ತುಂಬಿ ಬಿದ್ದಿದ್ದ ಲಾಜರನಿಗೆ. ಶ್ರೀಮಂತನಿಗೆ ಹೆಸರಿಲ್ಲ.

● ಈ ಕಥೆಗಳು ಕನ್ನಡಕ್ಕೆ ಅಚ್ಚಿನಲ್ಲಿ ಬಂದು ಸುಮಾರು ಎರಡು ಶತಮಾನವಾಗಿದೆ. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಶ್ರಮದಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಓದಲು ಸಿಕ್ಕಿತು. ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ, 1851ರಲ್ಲಿ ಕೃಷ್ಣೆಯಾಚೆಯ ಗುಳೇದಗುಡ್ಡಕ್ಕೆ, 1885ರಲ್ಲಿ ವಿಜಯಪುರಕ್ಕೆ ಬಂತು. ಅದೇ ಮಿಷನ್ನಿನ ಕಿಟೆಲ್ ನಿಘಂಟಿನಿಂದ ಪ್ರಸಿದ್ಧರು, ಆದರೆ ಅದಕ್ಕೂ ಮೂರು ದಶಕ ಮೊದಲೇ ‘ಕಥಾಮಾಲೆ’ಯಲ್ಲಿ ಯೇಸುವಿನ ಬದುಕನ್ನು ಕನ್ನಡ ಪದ್ಯದಲ್ಲಿ ಕಟ್ಟಿದ್ದರು. ಮಂಜೇಶ್ವರದ ಗೋವಿಂದ ಪೈಗಳ ‘ಗೊಲ್ಗೊಥಾ’ ಖಂಡಕಾವ್ಯ ಯೇಸುವಿನ ಕೊನೆಯ ದಿನದ್ದು.

● ಕೊನೆಗೆ ಒಳ್ಳೆಯ ಸಮಾರ್ಯದವನ ಕಥೆ. ಯೆರೂಸಲೇಮಿನಿಂದ ಯೆರಿಕೋವಿಗೆ ಸುಮಾರು 27 ಕಿ.ಮೀ. ಅಷ್ಟರಲ್ಲೇ ದಾರಿ ಒಂದು ಸಾವಿರ ಮೀಟರ್ ಇಳಿಯುತ್ತದೆ, ಯೆರಿಕೋ ಇರುವುದು ಸಮುದ್ರಮಟ್ಟಕ್ಕಿಂತ ಕೆಳಗೆ. ನಿರ್ಜನ, ಗುಡ್ಡಗಾಡು, ಕಳ್ಳರ ತಾಣ. ಹೊಡೆಸಿಕೊಂಡು ಬಿದ್ದವನನ್ನು ಕಂಡು ಯಾಜಕ ಆಚೆ ಸರಿದು ಹೋದ, ದೇವಾಲಯದ ಸೇವಕನಾದ ಲೇವಿಯನೂ ಹೋದ. ಹೆಣ ಮುಟ್ಟಿದರೆ ಮೈಲಿಗೆ, ದೇವಾಲಯದ ಸೇವೆಗೆ ತೊಡಕು ಎಂದು ಯಾಜಕನ ಪರವಾಗಿ ವಾದಿಸುವವರಿದ್ದಾರೆ. ಆದರೆ ಕಥೆಯಲ್ಲಿ ಅವನು ಯೆರೂಸಲೇಮಿನಿಂದ ಇಳಿದು ಬರುತ್ತಿದ್ದ, ದೇವಾಲಯ ಬೆನ್ನ ಹಿಂದಿತ್ತು. ನಿಂತವನು ಸಮಾರ್ಯದವನು. ಯೆಹೂದ್ಯರಿಗೂ ಸಮಾರ್ಯದವರಿಗೂ ಹಳೆಯ ಹಗೆ. ಗೆರಿಜ್ಜೀಮ್ ಬೆಟ್ಟದ ಮೇಲಿದ್ದ ಸಮಾರ್ಯದವರ ದೇವಾಲಯವನ್ನು ಯೆಹೂದಿ ಅರಸನೇ ಕೆಡವಿದ್ದ. ಅಂಥವನು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು, ಕಟ್ಟಿ, ತನ್ನ ಕತ್ತೆಯ ಮೇಲೆ ಕೂರಿಸಿ ಛತ್ರಕ್ಕೆ ಒಯ್ದ. ಎರಡು ದಿನಾರಿ ಕೊಟ್ಟು, ಹೆಚ್ಚಾದರೆ ಮರಳಿ ಬರುವಾಗ ಕೊಡುತ್ತೇನೆ ಎಂದ. ‘ನನ್ನ ನೆರೆಯವನು ಯಾರು’ ಎಂದು ಕೇಳಿದ ಪಂಡಿತನಿಗೆ ಯೇಸು ಮರುಪ್ರಶ್ನೆ ಹಾಕಿದ್ದು ‘ಬಿದ್ದವನಿಗೆ ಯಾರು ನೆರೆಯವನಾದ’ ಎಂದು.

ಈ ಸಮಾರ್ಯದವನ ಹೆಸರಲ್ಲಿ ನಮ್ಮ ರಾಜ್ಯದಲ್ಲೊಂದು ಕಾನೂನಿದೆ. ಅಪಘಾತದಲ್ಲಿ ನೆರವಾದವರಿಗೆ ಪೊಲೀಸ್, ಕೋರ್ಟಿನ ಕಾಟ ಕೊಡಬಾರದೆಂದು ಸುಪ್ರೀಂ ಕೋರ್ಟ್ 2016ರ ಮಾರ್ಚ್ 30ರಂದು ಹೇಳಿತು. ಅದೇ ವರ್ಷ ಕರ್ನಾಟಕದ ವಿಧಾನಮಂಡಲ ‘ಗುಡ್ ಸಮಾರಿಟನ್’ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಇಂಥ ಕಾಯ್ದೆ ತಂದ ದೇಶದ ಮೊದಲ ರಾಜ್ಯ ನಮ್ಮದು. 2019ರಲ್ಲಿ ಕೇಂದ್ರದ ಮೋಟಾರು ವಾಹನ ಕಾಯ್ದೆಗೂ 134ಎ ಕಲಂ ಸೇರಿತು. ವಿಜಯಪುರದಿಂದ ನಿಡಗುಂದಿ ಕಡೆಗೆ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಓಡಾಡುವ ಗೊಳಸಂಗಿ ಭಾಗದವರು ಇದನ್ನು ನೆನಪಿಡಲೇಬೇಕು. ಬಿದ್ದವರನ್ನು ಕಂಡರೆ 108ಕ್ಕೆ ಕರೆ ಮಾಡಿ, ಇಲ್ಲವೇ ಸಿಕ್ಕ ಗಾಡಿಯಲ್ಲಿ ಆಸ್ಪತ್ರೆಗೆ ಒಯ್ಯಿರಿ. ನಿಮ್ಮ ಹೆಸರು, ವಿಳಾಸ ಹೇಳಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. ಚಿಕಿತ್ಸೆಯ ಖರ್ಚು ನಿಮ್ಮ ತಲೆಗೆ ಕಟ್ಟುವಂತಿಲ್ಲ. ಸಾಕ್ಷಿ ಹೇಳುವುದೂ ನಿಮ್ಮ ಇಷ್ಟ.