ಹಟ್ಟಿಗೆ ತಂತಿ ಬಂದ ದಾರಿ

ಲಿಂಗಸುಗೂರಿನ ಹಾರ್ಡ್‌ವೇರ್ ಅಂಗಡಿಯೊಂದರ ಮುಂದೆ ಹಟ್ಟಿ ಕಡೆಯ ಕುರಿಗಾರರೊಬ್ಬರು ನಿಂತಿದ್ದರು. ಮುಳ್ಳುತಂತಿಯ ಸುರುಳಿಯನ್ನು ಕಾಲಿನಿಂದಲೇ ಅತ್ತ ಸರಿಸಿ, ಹಿಂದೆ ಗೋಡೆಗೆ ಒರಗಿಸಿದ್ದ ಜಾಳಿಗೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು.

“ಇದು ಎಷ್ಟನೇ ನಂಬರ್ ರೀ?”

“ಹದಿನಾಲ್ಕು.”

“ಹನ್ನೆರಡರದು ಇಲ್ಲೇನು?”

“ಐತಿ. ರೇಟ್ ಜಾಸ್ತಿ ಆಗ್ತೈತಿ ಯಜಮಾನ್ರ.”

“ಆಗ್ಲಿ ಬಿಡ್ರಿ. ಹೋದ ವರ್ಷ ಮುಳ್ಳಿಂದು ಹಾಕಿ ನಾಕು ಮರಿ ಕಳ್ಕೊಂಡೀನಿ.”

ತಂತಿಯ ಲೆಕ್ಕ ಉಲ್ಟಾ. ನಂಬರ್ ಏರಿದಷ್ಟೂ ತಂತಿ ಸಣ್ಣ. 12ನೇ ನಂಬರಿನದು ಸುಮಾರು 2.6 ಮಿಲಿಮೀಟರ್ ದಪ್ಪವಿದ್ದರೆ, 14ರದು 2 ಮಿಲಿಮೀಟರ್. ಹಟ್ಟಿಯ ಚಿನ್ನದ ಗಣಿ ಬಲ್ಲ ಸೀಮೆಯವರಿಗೆ ಇದರ ಗುಟ್ಟು ಬಿಡಿಸಿ ಹೇಳಬೇಕಿಲ್ಲ. ಅಕ್ಕಸಾಲಿಗ ಬಂಗಾರದ ಸರಿಗೆಯನ್ನು ಕಂಬಚ್ಚಿನ ತೂತಿನಿಂದ ತೂತಿಗೆ ಎಳೆದಂತೆ ಅದು ಸಣ್ಣಗಾಗುತ್ತದಲ್ಲ, ಕಬ್ಬಿಣದ ತಂತಿಯೂ ಹಾಗೆಯೇ. ಎಷ್ಟು ಸಲ ಎಳೆದರೆಂಬ ಎಣಿಕೆಯೇ ಮುಂದೆ ನಂಬರಾಗಿ ನಿಂತಿತು.

ಹಟ್ಟಿ ಎಂದರೆ ಇವತ್ತು ಎಲ್ಲರ ಬಾಯಲ್ಲೂ ಚಿನ್ನ. ಆದರೆ ಕನ್ನಡದಲ್ಲಿ ಆ ಮಾತಿಗೆ ದನ ಕೂಡುವ ಜಾಗ, ಕುರಿದೊಡ್ಡಿ, ಕುರಿಗಾರರ ವಸತಿ ಎಂಬ ಅರ್ಥಗಳಿವೆ. ಈ ಸೀಮೆಯಲ್ಲಿ ಹಟ್ಟಿಯ ಚರಿತ್ರೆ ಗಣಿಯಷ್ಟೇ ಆಳಕ್ಕೆ ಇಳಿಯುತ್ತದೆ. ಲಿಂಗಸುಗೂರು ತಾಲ್ಲೂಕಿನಲ್ಲಿ, ಮುದಗಲ್ಲಿಗೆ ಹತ್ತಿರದ ಪಿಕ್ಲಿಹಾಳದ ಬಂಡೆಗಳ ಮೇಲೆ ಇಣಿಯ ಎತ್ತುಗಳ ಚಿತ್ರಗಳು ಸಾಲುಸಾಲಾಗಿವೆ. ಕೃಷ್ಣೆಯ ಆಚೆ ದಡದ ಉಟ್ನೂರಿನಲ್ಲಿ 1957ರಲ್ಲಿ ಪುರಾತತ್ವಜ್ಞ ರೇಮಂಡ್ ಆಲ್ಚಿನ್ ಬೂದಿದಿಬ್ಬವೊಂದನ್ನು ಅಗೆಸಿದರು. ಅಲ್ಲಿ ಸಿಕ್ಕಿದ್ದು ಅರಮನೆಯೂ ಅಲ್ಲ, ಗುಡಿಯೂ ಅಲ್ಲ, ದನದ ದೊಡ್ಡಿ. ತಾಳೆ ಜಾತಿಯ ಮರದ ದಿಮ್ಮಿಗಳನ್ನು ಒತ್ತಾಗಿ ಹುಗಿದು ಕಟ್ಟಿದ್ದ ಬೇಲಿಯ ಗುರುತು ಮಣ್ಣಿನಲ್ಲಿ ಉಳಿದಿತ್ತು. ಒಳಗೆ ಪದರ ಪದರವಾಗಿ ಸುಟ್ಟ ಸಗಣಿಯ ಬೂದಿ, ಆ ಬೂದಿಯಲ್ಲಿ ದನದ ಗೊರಸಿನ ಅಚ್ಚುಗಳು. ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ಮಾತಿದು. ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರು ಕೆತ್ತುವುದಕ್ಕೆ ಇನ್ನೂ ಸುಮಾರು ಎರಡು ಸಾವಿರ ವರ್ಷ ಬಾಕಿಯಿತ್ತು.

ಆ ಬೇಲಿಯನ್ನು ಹಾಕಿದ್ದು ದನವನ್ನು ಕಾಯಲು. ಇದನ್ನು ಒತ್ತಿ ಹೇಳಲು ಕಾರಣವಿದೆ. ಬೆಳೆಯನ್ನು ದನದಿಂದ ಕಾಯುವ ಬೇಲಿಯೇ ಬೇರೆ, ದನವನ್ನು ತೋಳದಿಂದ ಕಾಯುವ ಬೇಲಿಯೇ ಬೇರೆ. ಮೊದಲನೆಯದು ಚುಚ್ಚಿದರೆ ನಡೆದೀತು. ಎರಡನೆಯದು ಚುಚ್ಚಬಾರದು, ಏಕೆಂದರೆ ರಾತ್ರಿಯಿಡೀ ಅದಕ್ಕೆ ಮೈತಾಗಿಸಿ ಮಲಗುವುದು ನಮ್ಮದೇ ಜೀವ. ಮುಂದೆ ತಂತಿಯ ಕಾಲದಲ್ಲಿ ಈ ಎರಡೂ ಕಲಸಿಹೋದವು.

ತಂತಿಗೆ ಮುಂಚೆ ಇಲ್ಲಿದ್ದದ್ದು ಜಾಲಿಮುಳ್ಳು, ಕಳ್ಳಿ, ಕತ್ತಾಳೆ. 1870ರ ದಶಕದಲ್ಲಿ ಎರಡು ಮುಳ್ಳುಗಳು ಒಟ್ಟೊಟ್ಟಿಗೆ ಹುಟ್ಟಿದಂತಾಯಿತು. ಅಮೆರಿಕದ ಇಲಿನಾಯ್ ರಾಜ್ಯದ ಡಿಕಾಲ್ಬ್ ಊರಿನ ರೈತ ಜೋಸೆಫ್ ಗ್ಲಿಡನ್ 1874ರ ನವೆಂಬರ್ 24ರಂದು ಮುಳ್ಳುತಂತಿಗೆ ಪೇಟೆಂಟ್ ಪಡೆದ. ತಂತಿಗೆ ಮುಳ್ಳು ಕಟ್ಟಿದವರು ಅವನಿಗಿಂತ ಮುಂಚೆಯೂ ಇದ್ದರು, ಆದರೆ ಮುಳ್ಳು ನಿಂತಲ್ಲಿ ನಿಲ್ಲದೆ ಜಾರುತ್ತಿತ್ತು. ಎರಡು ತಂತಿಗಳನ್ನು ಹುರಿ ಹೊಸೆದು ನಡುವೆ ಮುಳ್ಳನ್ನು ಬಿಗಿಹಿಡಿಸಿದ್ದು ಗ್ಲಿಡನ್ ಕಂಡುಕೊಂಡ ದಾರಿ. ಅದೇ ದಶಕದ ಕೊನೆಗೆ ಮದ್ರಾಸ್ ಪ್ರಾಂತ್ಯದ ಅರಣ್ಯ ಇಲಾಖೆ ಕಡಪದ ಕಡೆ ಹೊರಗಿನ ಜಾಲಿಯೊಂದನ್ನು ನೆಡಿಸಿತು. ಅದೂ ಅಮೆರಿಕ ಖಂಡದ್ದೇ. ನಾವು ಬಳ್ಳಾರಿ ಜಾಲಿ ಎನ್ನುವುದು ಅದನ್ನೇ. ಅದರ ಕಾಯಿ ಕುರಿಗಳಿಗೆ ಬಲು ಇಷ್ಟ. ತಿಂದ ಬೀಜ ಹಿಕ್ಕೆಯಲ್ಲಿ ಹೋದಲ್ಲೆಲ್ಲ ಬಿದ್ದು ಮೊಳೆಯಿತು. ತನ್ನ ಬೇಲಿಯನ್ನು ಕುರಿ ತಾನೇ ಬಿತ್ತುತ್ತಾ ಹೋಯಿತು, ಹೊಲ ಗೋಮಾಳಗಳನ್ನೂ ಆ ಜಾಲಿಗೇ ಬಿಟ್ಟುಕೊಟ್ಟಿತು.

ಮುಳ್ಳುತಂತಿ ಹುಟ್ಟಿದ್ದು ಅಮೆರಿಕದ ಬಯಲುಗಳ ದಪ್ಪ ಚರ್ಮದ ದನಗಳಿಗಾಗಿ. ನಮ್ಮ ಕಡೆ ಅದು ನಿಜವಾಗಿ ಬೇಕಾದದ್ದು ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹರಿದು ಸಿಂಧನೂರಿನ ಹೊಲಗಳು ಗದ್ದೆಗಳಾದ ಮೇಲೆ. ಬತ್ತಕ್ಕೆ ಬಾಯಿ ಹಾಕುವ ದನವನ್ನು ತಡೆಯಲು ಕಲ್ಲುಕಂಬಕ್ಕೆ ನಾಲ್ಕೆಳೆ ಮುಳ್ಳುತಂತಿ ಸಾಕು. ತಪ್ಪಾದದ್ದು ಅದೇ ತಂತಿಯನ್ನು ಕುರಿದೊಡ್ಡಿಗೂ ಸುತ್ತಿದಾಗ. ಲಿಂಗಸುಗೂರು, ಸಿಂಧನೂರು, ಗಂಗಾವತಿ ಸೀಮೆಯ ತಳಿ ಕೆಂಗುರಿ. ಮೈ ಕೆಂಗಂದು, ಟಗರಿಗೆ ಕೊಂಬು, ಮೈಮೇಲೆ ದಟ್ಟ ಉಣ್ಣೆಯಿಲ್ಲ. ಮುಳ್ಳು ನೇರ ಚರ್ಮಕ್ಕೇ ತಾಗುತ್ತದೆ. ನಾಯಿ ಬೊಗಳಿದರೆ ಮಂದೆ ಒಂದೇ ಮೂಲೆಗೆ ನುಗ್ಗುತ್ತದೆ, ಅಂಚಿನ ಕುರಿಯ ಕೆಚ್ಚಲು ಹರಿಯುತ್ತದೆ. ಮಳೆಗಾಲವಾದರೆ ಆ ಗಾಯದಲ್ಲಿ ಹುಳ ಬೀಳುತ್ತವೆ. ಇಷ್ಟಾಗಿಯೂ ಮರಿ ಎರಡು ಎಳೆಗಳ ನಡುವೆ ನುಸುಳಿ ಹೊರಬೀಳುತ್ತದೆ, ಬೀದಿನಾಯಿ ಅದೇ ಸಂದಿಯಲ್ಲಿ ಒಳಬರುತ್ತದೆ. ತೋಳದ ಭಯವೂ ಇಲ್ಲಿ ಬರಿಯ ಕಥೆಯಲ್ಲ. ನೆರೆಯ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗೆಂದೇ ವನ್ಯಜೀವಿಧಾಮವಿದೆ.

ಕುರಿಗೆ ಬೇಕಾದದ್ದು ಜಾಳಿಗೆ. ಅದರ ಹುಟ್ಟು ಮಗ್ಗದಲ್ಲಿದೆ ಎಂಬುದು ನನಗೆ ತುಂಬ ಹಿಡಿಸಿದ ಸಂಗತಿ. ಇಂಗ್ಲೆಂಡಿನ ನೇಕಾರರ ಊರು ನಾರ್ವಿಚ್‌ನಲ್ಲಿ ಚಾರ್ಲ್ಸ್ ಬರ್ನಾರ್ಡ್ 1844ರಲ್ಲಿ ತಂತಿಬಲೆ ಮಾಡುವ ಯಂತ್ರ ಕಟ್ಟಿದ್ದು ಬಟ್ಟೆಯ ಮಗ್ಗವನ್ನು ನೋಡಿ. ಕಂಬಳಿ ನೇಯ್ದ ಕೈಗಳು ಜಾಳಿಗೆಯನ್ನು ತಡವಿ ಅದರ ಹದ ಹೇಳುವುದು ಸಹಜವೇ.

ಹದ ನೋಡುವುದು ಕಣ್ಣಿನಲ್ಲಿ, ಅಂದರೆ ಜಾಳಿಗೆಯ ಕಣ್ಣಿನಲ್ಲಿ. ಆರು ಇಂಚಿನ ಕಣ್ಣಾದರೆ ಕೊಂಬಿನ ಟಗರು, ಹೋತ ಹೊರಗಿನ ಹುಲ್ಲಿಗೆ ತಲೆ ತೂರಿಸುತ್ತವೆ, ಹಿಂದಕ್ಕೆ ಎಳೆದರೆ ಕೊಂಬು ಸಿಕ್ಕಿಕೊಳ್ಳುತ್ತದೆ. ಮೂರು ಇಂಚಿನದು ಒಳ್ಳೆಯದು. ವೆಲ್ಡ್ ಮಾಡಿದ ಜಾಳಿಗೆ ನೋಡಲು ನೇರವಾಗಿ ನಿಲ್ಲುತ್ತದೆ, ಆದರೆ ಮಂದೆ ಮತ್ತೆ ಮತ್ತೆ ಒತ್ತಿದಾಗ ಬೆಸುಗೆ ಬಿಡುತ್ತದೆ. ಹೆಣೆದ ಚೈನ್‌ಲಿಂಕ್ ಬಾಗಿ ಮರಳುತ್ತದೆ. ನಾಯಿ, ತೋಳ ಹಾರಲಾರದಷ್ಟು ಎತ್ತರವಿರಲಿ, ಬುಡವನ್ನು ಅರ್ಧ ಅಡಿ ಮಣ್ಣಿನಲ್ಲಿ ಹುಗಿದು ಕಲ್ಲು ಹೇರಲಿ, ನಾಯಿ ಕೆದರುವುದು ಅಲ್ಲಿಯೇ.

ಜಿ.ಐ. (ಗ್ಯಾಲ್ವನೈಸ್ಡ್ ಐರನ್) ತಂತಿಯ ಮೇಲಿನ ಸತುವಿನ ಲೇಪಕ್ಕೆ ಫ್ರಾನ್ಸಿನ ಸೊರೆಲ್ 1837ರಲ್ಲೇ ಪೇಟೆಂಟ್ ಪಡೆದಿದ್ದ. ಗಾಳಿ ನೀರಿಗೆ ಮೊದಲು ಸತು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಲೇಪ ತೆಳುವಾದರೆ ಆಯಸ್ಸೂ ಅಷ್ಟೇ. ಕಾಲುವೆ ಕೆಳಗಿನ ಸವಳು ನೆಲದಲ್ಲಿ ನೆಲಕ್ಕೆ ತಾಗಿದ ಎಳೆಗೆ ಮೊದಲು ತುಕ್ಕು ಹತ್ತುತ್ತದೆ, ಅಲ್ಲಿ ದಪ್ಪ ಲೇಪಕ್ಕೆ ಹಣ ಹಾಕಲೇಬೇಕು. ಎರೆಭೂಮಿಯ ತೊಂದರೆ ಬೇರೆ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಆ ಮಣ್ಣು ಕಲ್ಲುಕಂಬವನ್ನೇ ವಾಲಿಸುತ್ತದೆ. ಮೂಲೆಕಂಬಕ್ಕೆ ಓರೆಯಾಗಿ ಆಸರೆಗಲ್ಲು ಕೊಡದಿದ್ದರೆ ಎಂಥ ತಂತಿಯೂ ಎರಡು ಮಳೆಗೆ ಜೋತುಬೀಳುತ್ತದೆ.

ಕರೆಂಟಿನ ಹೊಡೆತ ಕೊಡುವ ಸೋಲಾರ್ ಬೇಲಿಯನ್ನು ಹಾಕಿಸುವುದಾದರೆ ಅದಕ್ಕೆ ನುಣುಪು ತಂತಿಯೇ ಬೇಕು, ಮುಳ್ಳಿನದು ಕೂಡದು. ಮುಳ್ಳಿಗೆ ಸಿಕ್ಕಿಬಿದ್ದ ಜೀವ ಬಿಡಿಸಿಕೊಳ್ಳಲಾರದೆ ಹೊಡೆತದ ಮೇಲೆ ಹೊಡೆತ ತಿನ್ನುತ್ತದೆ. ಸೋಲಾರ್ ಬೇಲಿಯ ಯಂತ್ರ ಕ್ಷಣಮಾತ್ರದ ಹೊಡೆತವನ್ನು ಬಿಟ್ಟುಬಿಟ್ಟು ಕೊಡುತ್ತದೆ. ಮನೆಯ ಕರೆಂಟನ್ನು ನೇರವಾಗಿ ತಂತಿಗೆ ಬಿಡುವುದು ಕೊಲೆಗೆ ಸಮ. ಹಾಗೆ ಬಿಟ್ಟ ಬೇಲಿಗೆ ಆನೆಗಳಷ್ಟೇ ಅಲ್ಲ, ರೈತರೂ ಬಲಿಯಾಗಿದ್ದಾರೆ.

ಅಂಗಡಿಯಾತ 12ರ ಜಾಳಿಗೆಯನ್ನು ಹೊರಗೆ ಉರುಳಿಸಿದ. ಕುರಿಗಾರರು ಒಂದು ಮಾರಿನಷ್ಟು ಬಿಡಿಸಿ, ಕಣ್ಣೊಂದರಲ್ಲಿ ಮುಷ್ಟಿ ತೂರಿಸಿ ನೋಡಿದರು. ಮುಷ್ಟಿ ಹೋಗಲಿಲ್ಲ. ಅಂಚಿನುದ್ದಕ್ಕೂ ಅಂಗೈ ಎಳೆದರು. ಕೊನೆಯಲ್ಲಿ ಕತ್ತರಿಸಿದ ಎಳೆಗಳ ಮೊನೆ ತಾಗಿತು.

“ಈ ಚೂಪಿಂದು ಮ್ಯಾಲೆ ಮಾಡಬೇಕ, ಕೆಳಗ?”

“ಕೆಳಗ ಮಾಡಿ ಹುಗೀರಿ.”

ಅವರು ತಲೆದೂಗಿ, ಇನ್ನೊಂದು ಕಟ್ಟಿನ ಅಂಚನ್ನು ತಡವತೊಡಗಿದರು.