ಗಾನಶಕ್ತಿಯ ಮಾನದಂಡ ವಿಚಾರ

ಭತ್ತವನ್ನು ಕೊಳಗದಿಂದ ಅಳೆಯುವರು. ಬಂಗಾರವನ್ನು ತ್ರಾಸಿನಲ್ಲಿ ತೂಗುವರು. ಬಂಗಾರವನ್ನು ಕೊಳಗಕ್ಕೆ ಸುರಿದು ಬೆಲೆ ಕಟ್ಟಹೊರಟರೆ ದೋಷವು ಅಳೆಯುವವನದಾಗುವುದು. ಮನುಷ್ಯನ ಗಾನಶಕ್ತಿಯನ್ನು ಅಂಕೆಗಳಿಂದ ನಿರ್ಣಯಿಸಲು ಪಾಶ್ಚಾತ್ಯ ಮನಶ್ಶಾಸ್ತ್ರಜ್ಞರು ನೂರು ವರ್ಷಗಳಿಗೂ ಮೇಲ್ಪಟ್ಟು ನಡೆಯಿಸಿರುವ ಯತ್ನಗಳಿಗೆ ಈ ನ್ಯಾಯವು ಎಷ್ಟರಮಟ್ಟಿಗೆ ಅನ್ವಯಿಸುವುದೆಂಬುದು ವಿಚಾರಾರ್ಹವಾಗಿದೆ.

ಈ ಯತ್ನಗಳಲ್ಲಿ ಪ್ರಸಿದ್ಧವಾದುದು ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದ ಕಾರ್ಲ್ ಸೀಶೋರನದು. 1919ರಲ್ಲಿ ಆತನು ಪ್ರಕಟಿಸಿದ ಪರೀಕ್ಷೆಗಳು ಗ್ರಾಮಫೋನು ತಟ್ಟೆಗಳ ಮೂಲಕ ನಡೆಯುತ್ತಿದ್ದುವು. ಎರಡು ನಾದಗಳನ್ನು ಕೇಳಿಸಿ, ಎರಡನೆಯದು ಏರಿದೆಯೋ ಇಳಿದಿದೆಯೋ, ಬಲವಾಗಿದೆಯೋ ಮೆಲ್ಲಗಿದೆಯೋ ಎಂದು ಪ್ರಶ್ನಿಸುವರು. ಕಾಲದ ಅಂತರವನ್ನೂ ನಾದದ ಸ್ಮೃತಿಯನ್ನೂ ಪರೀಕ್ಷಿಸುವರು. ಕೂಡಿ ನುಡಿಯುವ ನಾದಗಳಲ್ಲಿ ಯಾವ ಜೋಡಿಯು ಹೆಚ್ಚು ಹೊಂದಿಕೆಯುಳ್ಳದ್ದೆಂದು ಕೇಳುವರು. ಇಂಗ್ಲೆಂಡಿನ ಹರ್ಬರ್ಟ್ ವಿಂಗನ ಪರೀಕ್ಷೆಗಳಲ್ಲಿ ಪಿಯಾನೋ ವಾದ್ಯವೇ ಆಧಾರ. ಒಮ್ಮೆಗೇ ನುಡಿದ ಸ್ವರಸಮೂಹದಲ್ಲಿ ಎಷ್ಟು ಸ್ವರಗಳಿವೆಯೆಂದು ಎಣಿಸುವುದೂ, ಒಂದು ಮಟ್ಟಿಗೆ ಜೋಡಿಸಿದ ಸ್ವರಮೇಳಗಳಲ್ಲಿ ಉತ್ತಮವಾದುದನ್ನು ಆರಿಸುವುದೂ ಅವುಗಳಲ್ಲಿ ಸೇರಿವೆ.

ಇಲ್ಲಿ ಪೂರ್ವಪಕ್ಷವೊಂದುಂಟು: ಯಾವ ದೇಶದವನ ಕಿವಿಯಾದರೂ ಕಿವಿಯೇ, ಶ್ರುತಿಯ ಏರಿಳಿತವನ್ನು ಗುರುತಿಸುವ ಸಾಮರ್ಥ್ಯವು ಎಲ್ಲರಿಗೂ ಸಮಾನವಾಗಿ ಅಗತ್ಯವಷ್ಟೆ? ಈ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಕೇಳುವ ಶಕ್ತಿ ಬೇರೆ, ಕೇಳಿದುದಕ್ಕೆ ಬೆಲೆ ಕಟ್ಟುವ ರುಚಿ ಬೇರೆ. ಬೊಲಿವಿಯಾ ದೇಶದ ತ್ಸಿಮಾನೆ ಎಂಬ ಜನರ ವಿಷಯವಾಗಿ 2016ರಲ್ಲಿ ಪ್ರಕಟವಾದ ಸಂಶೋಧನೆಯು ಇದನ್ನು ವಿಶದಪಡಿಸಿತು. ಪಾಶ್ಚಾತ್ಯರು ಮಧುರವೆನ್ನುವ ಸ್ವರಕೂಟಗಳನ್ನೂ ಕಠೋರವೆನ್ನುವವುಗಳನ್ನೂ ಆ ಜನರು ಸಮಾನವಾಗಿ ಹಿತವೆಂದೇ ಎಣಿಸಿದರು. ಭೇದವು ಅವರ ಕಿವಿಗೆ ತಿಳಿಯದೆ ಇರಲಿಲ್ಲ. ಸೀಶೋರನ ಪರೀಕ್ಷೆಗಳಿಂದಲೂ ಈ ಹೊಂದಿಕೆಯ ಭಾಗವನ್ನು 1939ರ ಪರಿಷ್ಕರಣದಲ್ಲಿ ಕೈಬಿಟ್ಟು, ನಾದದ ಬಣ್ಣವನ್ನು ಗುರುತಿಸುವ ಬೇರೊಂದು ಪರೀಕ್ಷೆಯನ್ನು ಸೇರಿಸಿದರು.

ಕರ್ಣಾಟಕ ಸಂಗೀತಕ್ಕೆ ಬಂದರೆ ತೊಡಕು ಮತ್ತಷ್ಟು ಹೆಚ್ಚುವುದು. ತೋಡಿರಾಗದ ಗಾಂಧಾರವು ಒಂದೆಡೆ ನಿಶ್ಚಲವಾಗಿ ನಿಲ್ಲುವ ಸ್ವರವಲ್ಲ. ಗಮಕದಿಂದ ತೂಗಾಡಿದಾಗಲೇ ಅದು ತೋಡಿಯ ಗಾಂಧಾರ. ತಟ್ಟೆಯ ಮೇಲಿನ ನಿಶ್ಚಲನಾದದಿಂದ ಈ ಸ್ವರದ ಜ್ಞಾನವನ್ನು ಪರೀಕ್ಷಿಸುವ ಬಗೆ ಹೇಗೆ? ಇನ್ನು ಸ್ವರಸಮೂಹವನ್ನು ಎಣಿಸುವ ಪರೀಕ್ಷೆಯಲ್ಲಿ ರಾಗಾಲಾಪನೆಯೇ ಜೀವವಾದ ವಿದ್ವಾಂಸನು ಸೋತರೆ, ಅದರಿಂದ ಸಿದ್ಧವಾಗುವುದು ಅಭ್ಯಾಸದ ಭೇದವೇ ಹೊರತು ಶಕ್ತಿಯ ನ್ಯೂನತೆಯಲ್ಲ.

ನಮ್ಮ ಶಾಸ್ತ್ರಕಾರರೂ ಗಾಯಕನನ್ನು ಅಳೆಯದೆ ಬಿಟ್ಟವರಲ್ಲ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಸೇವುಣರ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ಸಂಗೀತರತ್ನಾಕರದ ಪ್ರಕೀರ್ಣಕಾಧ್ಯಾಯದಲ್ಲಿ ಗಾಯಕರನ್ನು ಐದು ಬಗೆಯಾಗಿ ವಿಭಾಗಿಸಿರುವನು. ನ್ಯೂನತೆಯಿಲ್ಲದೆ ಕಲಿಸಬಲ್ಲವನು ಶಿಕ್ಷಾಕಾರ. ಪರರ ಭಂಗಿಯನ್ನು ಅನುಸರಿಸುವವನು ಅನುಕಾರ. ರಸದಲ್ಲಿ ಮುಳುಗಿದವನು ರಸಿಕ. ಕೇಳುವವರನ್ನು ತಣಿಸುವವನು ರಂಜಕ. ಗೀತಕ್ಕೆ ಅತಿಶಯವನ್ನು ತರುವವನು ಭಾವುಕ. ಹಲ್ಲು ಕಚ್ಚಿ ಹಾಡುವುದು, ಕಣ್ಣು ಮುಚ್ಚಿ ಹಾಡುವುದು, ಅಂಜುತ್ತ ಹಾಡುವುದು, ತಾಳ ತಪ್ಪುವುದು ಮೊದಲಾದ ಇಪ್ಪತ್ತೈದು ದೋಷಗಳನ್ನೂ ಆತನು ಎಣಿಸಿರುವನು. ಈ ಮಾನದಲ್ಲಿ ಕಿವಿಯೊಡನೆ ಮುಖ, ಧೈರ್ಯ, ಬೋಧನೆ, ಶ್ರೋತೃವಿನ ತೃಪ್ತಿ ಇವೆಲ್ಲವೂ ತೂಕಕ್ಕೆ ಬರುವುವು.

ಆದರೆ ಈ ಮಾನವೂ ಸರ್ವತ್ರ ಸಲ್ಲುವುದೆಂದು ಹೇಳಲಾಗದು. ಸಿಂಘಣನ ಆಳ್ವಿಕೆಯ ಶಾಸನಗಳು ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ದೊರೆತಿವೆ. ಅದೇ ಮಲೆಸೀಮೆಯಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರಿನ ಸುತ್ತಣ ನಾಡಿನಲ್ಲಿ, ಶಾಸ್ತ್ರವನ್ನು ಓದದ ಗಾಯಕರಿರುವರು. ದೀಪಾವಳಿಯ ಇರುಳುಗಳಲ್ಲಿ ದೀಪವನ್ನು ಹಿಡಿದು ಮನೆಮನೆಯ ಬಾಗಿಲಿಗೆ ಹೋಗಿ ಹಾಡುವ ಅಂಟಿಕೆ-ಪಂಟಿಕೆಯ ಮೇಳವು ಈ ಸೀಮೆಯ ಸಂಪ್ರದಾಯ. ಮುಂದಿನವರು ಹಾಡಿದ ಸಾಲನ್ನು ಹಿಂದಿನವರು ಎತ್ತಿಕೊಳ್ಳುವರು. ಮನೆಯವರು ದೀಪಕ್ಕೆ ಎಣ್ಣೆ ಎರೆಯುವರು. ಇಲ್ಲಿ ಬೇಕಾದ ಶಕ್ತಿ ಯಾವುದು? ಉದ್ದವಾದ ಹಾಡುಗಳನ್ನು ಪುಸ್ತಕವಿಲ್ಲದೆ ನೆನಪಿನಲ್ಲಿ ಧರಿಸುವುದು, ಸಂಗಡಿಗರ ಧ್ವನಿಯಲ್ಲಿ ತನ್ನ ಧ್ವನಿಯನ್ನು ಬೆರೆಸುವುದು, ನಡೆಯುತ್ತ ದಣಿದರೂ ಮಟ್ಟು ಕೆಡದಂತೆ ಕಾಯುವುದು. ಶಾರ್ಙ್ಗದೇವನು ವೃಂದಗಾಯನವನ್ನು ಬೇರೆಯಾಗಿ ಹೇಳಿದ್ದರೂ, ಒಬ್ಬಂಟಿಯಾಗಿ ಹಾಡಬಲ್ಲ ಏಕಲನಿಗೇ ಮೊದಲ ಎಣಿಕೆ. ಮೇಳದಲ್ಲಿಯಾದರೋ ಒಬ್ಬನು ಮೆರೆದರೆ ಹಾಡು ಕೆಡುವುದು. ಸೀಶೋರನ ತಟ್ಟೆಗಳ ಮುಂದೆ ಒಬ್ಬೊಬ್ಬನನ್ನೇ ಕುಳ್ಳಿರಿಸಿದಲ್ಲಿ ಈ ಶಕ್ತಿಯು ತೋರಲು ಅವಕಾಶವೇ ಇಲ್ಲ.

ಇದು ಕೇವಲ ಶಾಸ್ತ್ರಚರ್ಚೆಯ ಮಾತಲ್ಲ. ಪಾಠಶಾಲೆಯಲ್ಲಿ ಒಂದೇ ಅಳತೆಗೋಲನ್ನು ಹಿಡಿದು, ಮೇಳದಲ್ಲಿ ಇರುಳೆಲ್ಲ ಹಾಡಬಲ್ಲ ಬಾಲಕನಿಗೆ ‘ನಿನಗೆ ಸಂಗೀತವಿಲ್ಲ’ ಎಂದರೆ ಆತನು ಬಾಯಿ ಮುಚ್ಚುವನು; ಅವನೊಡನೆ ಬಾಯಿಂದ ಬಾಯಿಗೆ ಬಂದ ಹಾಡೂ ಮುಚ್ಚಿಹೋಗುವುದು.

ಆದಕಾರಣ ಸಿದ್ಧಾಂತವಿಷ್ಟು. ನಾದದ ಏರಿಳಿತ, ಕಾಲ, ಸ್ಮೃತಿಗಳ ಗ್ರಹಣವನ್ನು ಎಲ್ಲ ಜನರಲ್ಲಿಯೂ ಪರೀಕ್ಷಿಸಬಹುದು. ಆದರೆ ಅದಕ್ಕೆ ಶ್ರವಣಶಕ್ತಿಯೆಂಬ ಹೆಸರೇ ತಕ್ಕುದು. ಗಾನಶಕ್ತಿಯೆಂಬ ದೊಡ್ಡ ಹೆಸರನ್ನು ಹೇಳಬೇಕಾದರೆ, ಆಯಾ ಗಾನವು ತನ್ನವರಿಂದ ಏನನ್ನು ಬೇಡುವುದೆಂದು ಮೊದಲು ಕೇಳಿ ತಿಳಿಯಬೇಕು. ಆ ಗಾನವನ್ನು ಬಲ್ಲವರೇ ಪರೀಕ್ಷಕರಾಗಬೇಕು. ಅಳೆಯುವುದಕ್ಕೆ ಮುಂಚೆ ಕೊಳಗವೋ ತ್ರಾಸೋ ಎಂಬುದನ್ನು ನಿಶ್ಚಯಿಸುವುದೇ ಪರೀಕ್ಷಕನ ಮೊದಲ ಪರೀಕ್ಷೆ.