ಮೆಟ್ಟಿಲ ಕೆಳಗಿನ ಐನ್‌ಸ್ಟೈನ್

ಬೆಂಗಳೂರಿನ ದೊಡ್ಡನೆಕ್ಕುಂದಿಯ ಓದುಗರೊಬ್ಬರು ಕೇಳಿರುವುದು ಒಂದು ಮಣೆಯ ವಿಚಾರ. ಅವರ ಮನೆಯ ಯುಪಿಎಸ್ ಬ್ಯಾಟರಿ ಮೆಟ್ಟಿಲ ಕೆಳಗೆ ಹಲಸಿನ ಮಣೆಯೊಂದರ ಮೇಲೆ ಕೂತಿದೆ. ಮಣೆ ಹಳೆಯದು, ಗಟ್ಟಿಯಾದದ್ದು, ಹಬ್ಬಕ್ಕೆ ಬೇಕಾದದ್ದು. ತೆಗೆಯಲು ಹೋದರೆ ಅತ್ತೆ ಬಿಡುವುದಿಲ್ಲ. "ಬ್ಯಾಟರೀನ ನೆಲಕ್ಕೆ ತಾಗಿಸಿದರೆ ಚಾರ್ಜೆಲ್ಲ ಭೂಮಿಗೆ ಇಳಿದುಹೋಗುತ್ತೆ ಕಣಮ್ಮ" ಎನ್ನುತ್ತಾರೆ. ಬ್ಯಾಟರಿ ಹೊತ್ತು ತಂದ ಅಂಗಡಿಯ ಹುಡುಗನೂ ಅದನ್ನೇ ಹೇಳಿ ಹೋದನಂತೆ. ಅತ್ತೆಯೂ ಮೆಕ್ಯಾನಿಕ್ಕೂ ಒಪ್ಪಿದ ಮಾತು ಸುಳ್ಳಾಗುವುದುಂಟೇ?

ಉಂಟು. ಆದರೆ ಅದಕ್ಕೊಂದು ಮರ್ಯಾದಸ್ಥ ವಂಶಾವಳಿಯೂ ಉಂಟು. ಸೀಸ-ಆಮ್ಲದ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ತೋಂ ಪ್ಲಾಂತೆ ಕಟ್ಟಿದ್ದು 1859ರಲ್ಲಿ. ಮೊದಲ ಕಾಲದ ಬ್ಯಾಟರಿಗಳಲ್ಲಿ ಗಾಜಿನ ಜಾಡಿಗಳನ್ನು ಮರದ ಪೆಟ್ಟಿಗೆಯಲ್ಲಿ ಕೂರಿಸುತ್ತಿದ್ದರು. ನೆಲದ ತೇವಕ್ಕೆ ಮರ ಉಬ್ಬಿದರೆ ಗಾಜು ಬಿರುಕು ಬಿಡುತ್ತಿತ್ತು, ಆಮ್ಲ ಜಿನುಗುತ್ತಿತ್ತು. ಆಮೇಲೆ ಬಂದ ಗಟ್ಟಿ ರಬ್ಬರಿನ ಪೆಟ್ಟಿಗೆಗಳೂ ಪೂರಾ ಸಾಚಾ ಅಲ್ಲ. ಒದ್ದೆ ನೆಲದಲ್ಲಿ ಅವುಗಳಿಂದ ವಿದ್ಯುತ್ತು ಅಷ್ಟಿಷ್ಟು ಸೋರುವುದಿತ್ತು. ಆಗ ಹಲಗೆ ಹಾಕಿ ಎಂದವರು ಜಾಣರೇ. ಇಂದಿನ ಬ್ಯಾಟರಿಯ ಮೈ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕು. ಅದನ್ನು ಸಿಮೆಂಟಿನ ಮೇಲಿಡಿ, ಗ್ರಾನೈಟಿನ ಮೇಲಿಡಿ, ಒಂದೇ. ಕಾರಣ ಸತ್ತು ಎಷ್ಟೋ ವರ್ಷವಾಯಿತು, ತಿಥಿ ಮಾತ್ರ ನಡೆಯುತ್ತಲೇ ಇದೆ.

ಸುಮ್ಮನೆ ಕೂತ ಬ್ಯಾಟರಿ ತನ್ನಷ್ಟಕ್ಕೆ ಸ್ವಲ್ಪ ಸ್ವಲ್ಪ ಖಾಲಿಯಾಗುವುದು ನಿಜ. ಆ ಖಾಲಿಯಾಗುವಿಕೆ ಸೆಕೆಯಲ್ಲಿ ಹೆಚ್ಚು, ತಂಪಿನಲ್ಲಿ ಕಡಿಮೆ. ಅಂದರೆ ತಣ್ಣನೆಯ ನೆಲ ಬ್ಯಾಟರಿಗೆ ಮಿತ್ರನೇ. ಇನ್ನು ನಿಜವಾದ ಸೋರಿಕೆ ಇರುವುದು ಯಾರೂ ನೋಡದ ಕಡೆ, ಬ್ಯಾಟರಿಯ ನೆತ್ತಿಯ ಮೇಲೆ. ಅಲ್ಲಿ ಕೂತ ಧೂಳು, ಅದಕ್ಕೆ ಅಂಟಿದ ಆಮ್ಲದ ಪಸೆ ಸೇರಿ ಎರಡು ಟರ್ಮಿನಲ್ಲುಗಳ ನಡುವೆ ಕಣ್ಣಿಗೆ ಕಾಣದ ತಂತಿ ಎಳೆಯುತ್ತವೆ. ಮಣೆಗೆ ಅರಿಶಿನ ಕುಂಕುಮ ಹಚ್ಚುವ ಕೈ ಒಂದು ಬಟ್ಟೆ ಹಿಡಿದು ನೆತ್ತಿ ಒರೆಸಿದ್ದರೆ ಅದರಿಂದ ನಿಜಕ್ಕೂ ಉಪಯೋಗವಿತ್ತು. ಟರ್ಮಿನಲ್ಲಿನ ಸುತ್ತ ಬೂಷ್ಟಿನ ಹಾಗೆ ಬೆಳೆಯುವ ಬಿಳಿ-ಹಸಿರು ಪುಡಿಯನ್ನು ಅಡುಗೆ ಸೋಡಾ ಕದಡಿದ ಬಿಸಿನೀರಿನಲ್ಲಿ ಅದ್ದಿದ ಹಳೇ ಬ್ರಷ್ಷು ತೆಗೆಯುತ್ತದೆ. ಕೆಲಸಕ್ಕೆ ಮುಂಚೆ ಯುಪಿಎಸ್ ಆಫ್ ಮಾಡಬೇಕು, ಸೋಡಾ ನೀರು ಮುಚ್ಚಳದ ತೂತಿಗೆ ಇಳಿಯಬಾರದು.

ಅರಿಶಿನ ಕುಂಕುಮದ ಮಾತು ಬಂತು. ಆಯುಧಪೂಜೆಯ ದಿನ ಬ್ಯಾಟರಿಯ ನೀರು ತುಂಬುವ ಮುಚ್ಚಳದ ಸಂದಿಗೇ ಊದುಬತ್ತಿ ಸಿಕ್ಕಿಸಿದ್ದನ್ನು ಈ ಅಂಕಣಕಾರ ಕಣ್ಣಾರೆ ಕಂಡಿದ್ದಾನೆ. ಚಾರ್ಜು ತುಂಬುತ್ತ ಬಂದ ಬ್ಯಾಟರಿಯಿಂದ ಗುಳುಗುಳು ಎಂದು ಬರುವ ಗುಳ್ಳೆ ಜಲಜನಕದ್ದು. ಗಾಳಿಯಲ್ಲಿ ಶೇ 4ರಷ್ಟು ಬೆರೆತರೆ ಸಾಕು, ಒಂದು ಕಿಡಿಗೆ ಸಿಡಿಯುತ್ತದೆ. ಸಿಡಿದರೆ ಎರಚುವುದು ಗಂಧಕಾಮ್ಲ. ಯಂತ್ರಕ್ಕೆ ಕೈಮುಗಿಯಬೇಕೆನಿಸಿದರೆ ಮುಗಿಯಲಿ, ಬೆಂಕಿ ದೂರವಿರಲಿ. ಶನಿವಾರ ಬ್ಯಾಟರಿ ಕೊಳ್ಳಬಾರದು, ಕಬ್ಬಿಣ ಮನೆಗೆ ಬಂದ ಹಾಗಾಗುತ್ತದೆ ಎನ್ನುವವರಿಗೆ ಒಂದೇ ಉತ್ತರ: ಒಳಗಿರುವುದು ಕಬ್ಬಿಣವಲ್ಲ, ಸೀಸ.

ಈ ಸೀಸದ ಕಥೆ ಯಾವ ಪುರಾಣಕ್ಕೂ ಕಡಿಮೆಯಿಲ್ಲ.

ಸೀಸದ ತಟ್ಟೆ, ಸೀಸದ ಡೈಆಕ್ಸೈಡಿನ ತಟ್ಟೆ, ನಡುವೆ ನೀರು ಬೆರೆಸಿದ ಗಂಧಕಾಮ್ಲ. ಅದರಿಂದ ಎರಡು ವೋಲ್ಟಿನ ಒಂದು ಕೋಶ. ಅಂಥ ಆರು ಸೇರಿದರೆ ಹನ್ನೆರಡು ವೋಲ್ಟು. ಪಿಯುಸಿ ಪುಸ್ತಕ ಇಲ್ಲಿಗೆ ನಿಲ್ಲುತ್ತದೆ. ಎರಡೇ ವೋಲ್ಟು ಯಾಕೆ ಎಂದು ಅದು ಕೇಳುವುದಿಲ್ಲ. 2011ರಲ್ಲಿ ಸ್ವೀಡನ್ನಿನ ಉಪ್ಸಲಾದ ರಾಜೀವ್ ಅಹುಜಾ, ಹೆಲ್ಸಿಂಕಿಯ ಪೆಕ್ಕ ಪ್ಯುಕ್ಕೊ ಮತ್ತವರ ಜೊತೆಗಾರರು ಆ ಪ್ರಶ್ನೆ ಹಿಡಿದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರು. 'ಫಿಸಿಕಲ್ ರಿವ್ಯೂ ಲೆಟರ್ಸ್' ಪತ್ರಿಕೆಯಲ್ಲಿ ಅವರು ಬರೆದ ಉತ್ತರ ಓದಿದರೆ ಮೆಟ್ಟಿಲ ಕೆಳಗಿನ ಡಬ್ಬಿಯನ್ನು ನೋಡುವ ಕಣ್ಣೇ ಬದಲಾಗುತ್ತದೆ. ಒಂದು ಕೋಶ ಕೊಡುವ ಸುಮಾರು 2.1 ವೋಲ್ಟಿನಲ್ಲಿ 1.7ರಿಂದ 1.8 ವೋಲ್ಟು ಐನ್‌ಸ್ಟೈನರ ಸಾಪೇಕ್ಷತೆಯ ಫಲ!

ಸೀಸದ ಪರಮಾಣುವಿನ ಗರ್ಭದಲ್ಲಿ 82 ಪ್ರೋಟಾನುಗಳಿವೆ. ಅಷ್ಟು ಬಲವಾದ ಸೆಳೆತಕ್ಕೆ ತೀರ ಹತ್ತಿರವಿರುವ ಒಳಸುತ್ತಿನ ಎಲೆಕ್ಟ್ರಾನಿನ ವೇಗ ಹೇಳತೀರದು. ಒರಟು ಲೆಕ್ಕಕ್ಕೆ ಪರಮಾಣು ಸಂಖ್ಯೆಯನ್ನು 137ರಿಂದ ಭಾಗಿಸಿದರೆ ಸಾಕು: ಬೆಳಕಿನ ವೇಗದ ಶೇ 60. ಅಂಥ ಓಟದಲ್ಲಿ ಎಲೆಕ್ಟ್ರಾನು ಕಾಲು ಭಾಗ ಹೆಚ್ಚು ಭಾರವಾದಂತೆ ನಡೆದುಕೊಳ್ಳುತ್ತದೆ, ಅದರ ಸುತ್ತು ಒಳಕ್ಕೆ ಕುಗ್ಗುತ್ತದೆ. ಹೊರಸುತ್ತಿನಲ್ಲಿ ಇರುವವರು ನಾಲ್ವರು. ಅವರಲ್ಲಿ ಇಬ್ಬರಿಗೆ ಹೊಸದಾಗಿ ಮದುವೆಯಾದ ಹುಡುಗಿಯ ಹಾಗೆ ಆಗಾಗ ತವರಿಗೆ ಹೋಗಿಬರುವ ಚಾಳಿ, ಅಂದರೆ ಪರಮಾಣು ಗರ್ಭದ ಬಳಿ ಹಾದುಹೋಗುವ ಚಾಳಿ. ಹಾಗಾಗಿ ಅವರಿಗೂ ಸಾಪೇಕ್ಷತೆಯ ಸೋಂಕು ತಗಲಿ ಅವರೂ ಒಳಕ್ಕೆ ಸರಿದು ಕೂರುತ್ತಾರೆ. ಸೀಸದ ಡೈಆಕ್ಸೈಡಿನಲ್ಲಿ ಆಮ್ಲಜನಕ ಈ ಇಬ್ಬರನ್ನೂ ಕಸಿದುಕೊಂಡಿರುತ್ತದೆ. ಅವರನ್ನು ಮತ್ತೆ ಪಡೆಯಲು ಸೀಸ ಹಾತೊರೆಯುತ್ತದೆ. ಆ ಹಾತೊರೆತದ ಅಳತೆಯೇ ವೋಲ್ಟು.

ತವರು ಬಿಟ್ಟು ತವರಕ್ಕೆ ಬನ್ನಿ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವ ಈ ಲೋಹ ಮೂಲವಸ್ತುಗಳ ಪಟ್ಟಿಯಲ್ಲಿ ಸೀಸದ ನೇರ ಮೇಲಿನ ಮನೆ. ಹೊರಸುತ್ತಿನಲ್ಲಿ ಅದಕ್ಕೂ ನಾಲ್ಕೇ ಎಲೆಕ್ಟ್ರಾನು. ಆದರೆ ಅದರ ಪರಮಾಣು ಸಂಖ್ಯೆ 50, ಒಳಗಿನ ಓಟ ಅಷ್ಟು ಬಿರುಸಿಲ್ಲ, ಸಾಪೇಕ್ಷತೆಯ ಪ್ರಸಾದವೂ ಅಷ್ಟಕ್ಕಷ್ಟೇ. ಸೀಸ-ಆಮ್ಲದ ಬ್ಯಾಟರಿ ಲೋಕವೆಲ್ಲ ತುಂಬಿದೆ, ತವರ-ಆಮ್ಲದ ಬ್ಯಾಟರಿ ಯಾವ ಅಂಗಡಿಯಲ್ಲೂ ಇಲ್ಲ. ಸಾಪೇಕ್ಷತೆಯನ್ನು ಕಳೆದರೆ ಮನೆಯ ಹನ್ನೆರಡು ವೋಲ್ಟಿನ ಬ್ಯಾಟರಿಯಲ್ಲಿ ಉಳಿಯುವುದು ಸುಮಾರು ಎರಡು ವೋಲ್ಟು. ಫ್ಯಾನು ಬಿಡಿ, ಯುಪಿಎಸ್ ಕಣ್ಣೇ ಬಿಡದು.

ಚಿನ್ನದ ಹಳದಿಗೂ ಇದೇ ಕಾರಣ. ಅಲ್ಲೂ ಸುತ್ತು ಕುಗ್ಗಿದ್ದರಿಂದ ಎಲೆಕ್ಟ್ರಾನುಗಳು ನೀಲಿ ಬೆಳಕನ್ನು ನುಂಗಿ ಹಳದಿಯನ್ನು ಬಿಟ್ಟುಕೊಡುತ್ತವೆ. ಇಲ್ಲದಿದ್ದರೆ ಚಿನ್ನ ಬೆಳ್ಳಿಯಂತೆಯೇ ಕಾಣುತ್ತಿತ್ತು. ಆ ಚಿನ್ನಕ್ಕಾಗಿಯೇ ತಾನೇ ನಮ್ಮ ಸೀಮೆಗೆ ಕರೆಂಟು ಬಂದದ್ದು? ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಟ್ಟಲು ಹೊರಟ ವಿದ್ಯುದಾಗಾರ 1902ರ ಜೂನ್ 30ರಂದು ಮೊದಲು ಕರೆಂಟು ಕೊಟ್ಟಿದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು ಮೂರು ವರ್ಷ ತಡವಾಗಿ, 1905ರ ಆಗಸ್ಟ್ 5ರಂದು. ಅದೇ 1905ರ ಜೂನ್ 30ರಂದು ಬರ್ನ್ ನಗರದ ಪೇಟೆಂಟ್ ಕಚೇರಿಯ ಗುಮಾಸ್ತ ಐನ್‌ಸ್ಟೈನ್ ಕಳಿಸಿದ ಸಾಪೇಕ್ಷತೆಯ ಲೇಖನ ಜರ್ಮನ್ ಪತ್ರಿಕೆಯ ಕಚೇರಿ ತಲುಪಿತ್ತು. ಬರೀ ಕಾಕತಾಳೀಯ. ಜಾತಕ ಬರೆಯುವವರ ಕಣ್ಣಿಗೆ ಬೀಳದಿರಲಿ.

ಇನ್ನು ಕರೆಂಟು ಹೋದಾಗಿನ ಮಾತು. ಬೆಂಗಳೂರಿನ ಪೂರ್ವಕ್ಕೆ ಗಂಟೆಗಟ್ಟಲೆ ಕತ್ತಲು ಕವಿಯುವುದು ದೊಡ್ಡ ಗ್ರಿಡ್ಡಿನಿಂದಲ್ಲ. 2012ರ ಜುಲೈ 30 ಮತ್ತು 31ರಂದು ಉತ್ತರ ಮತ್ತು ಪೂರ್ವ ಭಾರತದ ಗ್ರಿಡ್‌ಗಳು ಕುಸಿದು 60 ಕೋಟಿಗೂ ಹೆಚ್ಚು ಜನ ಕತ್ತಲಲ್ಲಿ ಕೂತಾಗ ದಕ್ಷಿಣಕ್ಕೆ ಬಿಸಿ ತಟ್ಟಲಿಲ್ಲ. ಆಗ ನಮ್ಮ ಗ್ರಿಡ್ ಉಳಿದ ದೇಶದ ತಾಳಕ್ಕೆ ಕುಣಿಯುತ್ತಿರಲಿಲ್ಲ. ಇಡೀ ದೇಶಕ್ಕೆ ಒಂದೇ ತಾಳವಾದದ್ದು 2013ರ ಡಿಸೆಂಬರ್ 31ರಂದು, ರಾಯಚೂರು-ಸೊಲ್ಲಾಪುರದ 765 ಕಿಲೋವೋಲ್ಟ್ ಮಾರ್ಗ ಕೂಡಿದಾಗ. ಮಾರತ್‌ಹಳ್ಳಿ, ಮಹದೇವಪುರ, ದೊಡ್ಡನೆಕ್ಕುಂದಿಯ ಕತ್ತಲಿಗೆ ಕಾರಣ ತೀರ ಮನೆಯ ಹತ್ತಿರದ್ದೇ. ಏಪ್ರಿಲ್-ಮೇ ಗಾಳಿಮಳೆಗೆ ಲೈನಿನ ಮೇಲೆ ಬಿದ್ದ ಕೊಂಬೆ, ಸುಟ್ಟ ಟ್ರಾನ್ಸ್‌ಫಾರ್ಮರು, ನೀರು ನುಗ್ಗಿದ ನೆಲಮಾಳಿಗೆಯ ಪ್ಯಾನೆಲ್ಲು. ಬೆಸ್ಕಾಂನ 1912ಕ್ಕೆ ಫೋನು ಮಾಡಿದರೆ ದೂರು ದಾಖಲಾಗುತ್ತದೆ, ಕೊಂಬೆ ಕಡಿಯುವವರು ಬರುವ ತನಕ ಬ್ಯಾಟರಿಯೇ ಗತಿ.

ಆ ಬ್ಯಾಟರಿಯಲ್ಲಿ ಇರುವುದೆಷ್ಟು? ಮನೆಗಳಲ್ಲಿ ಹೆಚ್ಚಾಗಿ ಕಾಣುವ 150 ಆಂಪಿಯರ್-ಅವರ್‌ನ ಟ್ಯೂಬುಲರ್ ಬ್ಯಾಟರಿಯನ್ನೇ ತೆಗೆದುಕೊಳ್ಳಿ. 150ನ್ನು 12ರಿಂದ ಗುಣಿಸಿದರೆ 1800 ವ್ಯಾಟ್-ಅವರ್, ಕರೆಂಟ್ ಬಿಲ್ಲಿನ ಭಾಷೆಯಲ್ಲಿ 1.8 ಯೂನಿಟ್ಟು. ಐವತ್ತು ಕಿಲೋ ಮೀರಿದ ಆ ಹೆಣಭಾರದೊಳಗೆ ಎರಡು ಯೂನಿಟ್ಟೂ ಇಲ್ಲ! ಗೀಸರು ಒಂದು ಗಂಟೆಯಲ್ಲಿ ಅಷ್ಟನ್ನು ಕುಡಿದುಬಿಡುತ್ತದೆ. ಅದೂ ಇಪ್ಪತ್ತು ಗಂಟೆ ನಿಧಾನಕ್ಕೆ ಎಳೆದರೆ ಸಿಗುವ ಲೆಕ್ಕ. ಬೇಗ ಬೇಗ ಎಳೆದಷ್ಟೂ ಬ್ಯಾಟರಿ ಕಡಿಮೆ ಕೊಡುತ್ತದೆ ಎಂದು ಜರ್ಮನಿಯ ವಿಲ್‌ಹೆಲ್ಮ್ ಪಾಯ್ಕರ್ಟ್ 1897ರಲ್ಲೇ ತೋರಿಸಿದ್ದ. ಯುಪಿಎಸ್ ತಿನ್ನುವ ಪಾಲು ಕಳೆದು, ಬ್ಯಾಟರಿಯನ್ನು ತಳ ಕೆರೆಯದೆ ಬಳಸಿದರೆ ಕೈಗೆ ಬರುವುದು ಒಂದು ಯೂನಿಟ್ಟಿನ ಆಸುಪಾಸು. ಹಳೇ ಕಾಲದ 75 ವ್ಯಾಟಿನ ಎರಡು ಫ್ಯಾನು, ನಾಲ್ಕು ಎಲ್‌ಇಡಿ ಬಲ್ಬು, ಒಂದು ವೈಫೈ ಡಬ್ಬಿ: ಐದು ಗಂಟೆ. ಫ್ಯಾನುಗಳು 28 ವ್ಯಾಟಿನ ಬಿಎಲ್‌ಡಿಸಿ ಆದರೆ ಅದೇ ಬ್ಯಾಟರಿ ಹತ್ತು ಗಂಟೆ. ಎರಡನೇ ಬ್ಯಾಟರಿ ಕೊಳ್ಳುವ ಮುಂಚೆ ಫ್ಯಾನು ಬದಲಿಸುವುದು ಅಗ್ಗ ಎಂಬುದನ್ನು ಬ್ಯಾಟರಿ ಅಂಗಡಿಯವರು ಹೇಳುವುದಿಲ್ಲ. ಹೇಳಲಿ ಎಂದು ಬಯಸುವುದೂ ತಪ್ಪು.

ಖಾಲಿಯಾದ ಬ್ಯಾಟರಿಯನ್ನು ದಿನಗಟ್ಟಲೆ ಹಾಗೇ ಬಿಟ್ಟರೆ ತಟ್ಟೆಯ ಮೇಲೆ ಸೀಸದ ಸಲ್ಫೇಟು ಹರಳುಗಟ್ಟಿ ಗಟ್ಟಿಯಾಗುತ್ತದೆ, ಮತ್ತೆ ಕರಗಲು ಹಟ ಮಾಡುತ್ತದೆ. ನೀರಿನ ವಿಚಾರವೂ ಇದೆ. ಚಾರ್ಜಾಗುವಾಗ ಗುಳ್ಳೆಯಾಗಿ ಹೋಗುವುದು ನೀರು ಮಾತ್ರ, ಆಮ್ಲ ಅಲ್ಲೇ ಉಳಿಯುತ್ತದೆ. ಹಾಗಾಗಿ ತುಂಬಬೇಕಾದದ್ದು ಡಿಸ್ಟಿಲ್ಡ್ ವಾಟರು. ಪೂರ್ವ ಬೆಂಗಳೂರಿನ ಬೋರಿನ ನೀರು, ಟ್ಯಾಂಕರಿನ ನೀರು ನಲ್ಲಿಯ ಬಾಯಿಗೆ ಬಿಳಿ ಪೊರೆ ಕಟ್ಟುವುದನ್ನು ದಿನಾ ನೋಡುವವರು ಅದನ್ನೇ ಬ್ಯಾಟರಿಗೆ ಸುರಿಯುವುದುಂಟು. ಫಿಲ್ಟರಿನ ನೀರೂ ಡಿಸ್ಟಿಲ್ಡ್ ಅಲ್ಲ, ಎಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಧೂಳೂ ಲೋಹದ ಅಂಶವೂ ಇರುತ್ತವೆ.

ಎಂಟು ಹತ್ತು ಗಂಟೆ ಮೀರಿದ ಕತ್ತಲಲ್ಲಿ ನಮ್ಮ ಮನೆಗಳಿಗೆ ಮೊದಲು ಕೈಕೊಡುವುದು ಬೆಳಕಲ್ಲ, ನೀರು. ಸಂಪಿನಿಂದ ಮಾಳಿಗೆಯ ಟ್ಯಾಂಕಿಗೆ ನೀರೆತ್ತುವ ಒಂದು ಎಚ್‌ಪಿ ಮೋಟಾರು ಓಡುವಾಗ ಒಂದು ಕಿಲೋವ್ಯಾಟಿನಷ್ಟು ಕೇಳುತ್ತದೆ, ಶುರುವಾಗುವ ಗಳಿಗೆಯಲ್ಲಿ ಅದರ ಹಲವು ಪಟ್ಟು. ಸಾಮಾನ್ಯ ಯುಪಿಎಸ್ ಅದನ್ನು ಕಂಡೇ ಕೀಯ್ ಎಂದು ಕೂಗಿ ಕೂತುಬಿಡುತ್ತದೆ. ಮೋಡ ಕಟ್ಟಿದಾಗ ಟ್ಯಾಂಕು ತುಂಬಿಸಿಟ್ಟವರೇ ಜಾಣರು. ಅಷ್ಟು ಎತ್ತರದಲ್ಲಿ ನಿಂತ ನೀರೂ ಒಂದು ಬಗೆಯ ಬ್ಯಾಟರಿಯೇ, ಅದಕ್ಕೆ ಡಿಸ್ಟಿಲ್ಡ್ ವಾಟರು ಬೇಡ. ಫ್ರಿಜ್ಜಿನ ಬಾಗಿಲು ತೆರೆಯದಿದ್ದರೆ ಒಳಗಿನ ತಂಪು ನಾಲ್ಕು ಗಂಟೆ ಹಿಡಿಯುತ್ತದೆ. ಬಾಡಿಗೆ ಜನರೇಟರು ತಂದವರು ಅದನ್ನು ಸಾಕೆಟ್ಟಿಗೆ ಸಿಕ್ಕಿಸಿ ಮನೆಗೆಲ್ಲ ಕರೆಂಟು ಹರಿಸಲು ಹೋಗಬಾರದು. ಅದು ಬೀದಿಯ ಲೈನಿಗೆ ಹಿಮ್ಮುಖ ಹರಿದರೆ ಕಂಬ ಹತ್ತಿದ ಲೈನ್‌ಮನ್ ಜೀವಕ್ಕೆ ಕುತ್ತು. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನೆಲಮಾಳಿಗೆಯಲ್ಲೋ ಕಿಟಕಿಯ ಪಕ್ಕದಲ್ಲೋ ಇಟ್ಟರೆ ಮಲಗಿದವರು ಏಳುವುದಿಲ್ಲ.

ಮಣೆಯ ವಿಚಾರ ಇನ್ನೂ ಮುಗಿದಿಲ್ಲ. 2022ರ ಸೆಪ್ಟೆಂಬರ್ 4ರ ರಾತ್ರಿ ಬೆಂಗಳೂರಿಗೆ 130 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ಬೆಳ್ಳಂದೂರು, ಯಮಲೂರು, ಮಹದೇವಪುರ ವಲಯದ ಬಡಾವಣೆಗಳಲ್ಲಿ ಟ್ರಾಕ್ಟರು, ದೋಣಿಗಳಲ್ಲಿ ಜನರನ್ನು ಸಾಗಿಸಿದರು. ನೆಲಮಾಳಿಗೆಯ ಜನರೇಟರು, ಪ್ಯಾನೆಲ್ಲುಗಳು ಮುಳುಗಿ ದೊಡ್ಡ ಅಪಾರ್ಟ್‌ಮೆಂಟುಗಳೇ ದಿನಗಟ್ಟಲೆ ಕತ್ತಲಾದವು. ಮಳವಳ್ಳಿ ತಾಲ್ಲೂಕಿನ ಟಿ.ಕೆ. ಹಳ್ಳಿಯ ಪಂಪ್‌ಹೌಸಿಗೇ ನೀರು ನುಗ್ಗಿ ಊರಿಗೆ ಕಾವೇರಿ ನೀರು ನಿಂತಿತು. ಮರುದಿನ ರಾತ್ರಿ ವೈಟ್‌ಫೀಲ್ಡ್ ಬಳಿಯ ಸಿದ್ದಾಪುರದಲ್ಲಿ, ನೀರು ನಿಂತ ರಸ್ತೆಯಲ್ಲಿ ಆಸರೆಗೆ ಕಂಬ ಹಿಡಿದ ಯುವತಿಯೊಬ್ಬಳು ವಿದ್ಯುತ್ ತಗಲಿ ಸತ್ತಳು. ಮನೆಯೊಳಗೆ ನೀರು ನುಗ್ಗುವಾಗ ಮೇನ್ ಸ್ವಿಚ್ ಆಫ್ ಮಾಡಿದ ಮೇಲೂ ಯುಪಿಎಸ್ ಬದುಕಿರುತ್ತದೆ, ತನ್ನ ಪಾಡಿಗೆ ತಾನು ಗೋಡೆಯ ತಂತಿಗಳಿಗೆ 230 ವೋಲ್ಟು ಕಳಿಸುತ್ತಲೇ ಇರುತ್ತದೆ. ನೀರಿಗೆ ಇಳಿಯದೆ ಕೈಗೆ ಸಿಗುವಂತಿದ್ದರೆ ಅದನ್ನೂ ಆಫ್ ಮಾಡಬೇಕು.

ಹಾಗಾಗಿ ಬ್ಯಾಟರಿ ಎತ್ತರದಲ್ಲಿರಬೇಕು ಎಂಬ ಅತ್ತೆಯ ತೀರ್ಪು ಸರಿ, ಕೊಟ್ಟ ಕಾರಣವಷ್ಟೇ ತಪ್ಪು. ಭಯಪಡಬೇಕಾದದ್ದು ಕೆಳಗೆ ಇಳಿಯುವ ಕರೆಂಟಿಗಲ್ಲ, ಮೇಲಕ್ಕೆ ಏರುವ ನೀರಿಗೆ. ಆದರೆ ಮೂರು ಅಂಗುಲದ ಮಣೆಯಿಂದ ಏನೂ ಆಗದು. ಓದುಗರಿಗೆ ಅಂಕಣಕಾರ ಹೇಳಿದ್ದು ಇಷ್ಟು: ಆ ವರ್ಷ ಗೋಡೆಗೆ ನೀರು ಎಲ್ಲಿತನಕ ಬಂದಿತ್ತೋ ಅದಕ್ಕಿಂತ ಒಂದು ಅಡಿ ಮೇಲೆ ಬರುವ ಹಾಗೆ ಕಬ್ಬಿಣದ ಆ್ಯಂಗಲ್ ಸ್ಟ್ಯಾಂಡ್ ಮಾಡಿಸಿ, ಗೋಡೆಗೆ ಬಿಗಿಸಿ. ಅವರಿರುವುದು ಕೈಗಾರಿಕಾ ಪ್ರದೇಶದ ಮಗ್ಗುಲಲ್ಲೇ, ವೆಲ್ಡಿಂಗ್ ಶೆಡ್ಡಿಗೆ ಬರವೇ? ಹೋದ ವಾರ ಸ್ಟ್ಯಾಂಡ್ ಬಂತೆಂದು ಫೋನು ಮಾಡಿದ್ದರು. ಸೊಂಟದೆತ್ತರದ ಸ್ಟ್ಯಾಂಡು, ಅದರ ಮೇಲೆ ಹಲಸಿನ ಮಣೆ, ಮಣೆಯ ಮೇಲೆ ಬ್ಯಾಟರಿ. "ಕಬ್ಬಿಣಕ್ಕೆ ತಾಗಿದ್ರೆ ಇನ್ನೂ ಬೇಗ ಇಳಿದುಹೋಗುತ್ತಂತೆ ಸಾರ್" ಎಂದರು.